ಬಿ ಸೈಡು

ಕ್ಯಾಸೆಟ್ಟು ಬಂದದ್ದು ಅದಿರಿನ ಹಡಗಿನಲ್ಲಿ.
ಲುದ್ವಿನಾಳ ಅಣ್ಣ ಇನಾಸ್ ಅದರಲ್ಲಿ ಅಡುಗೆಯವ,
ಜಪಾನಿನ ಯಾವುದೋ ಬಂದರಿನಲ್ಲಿ
ಅರ್ಧ ಬೆಲೆಗೆ ಸಿಕ್ಕಿತಂತೆ.
ಕವರಿನ ಮೇಲೆ ಮೂವರು ಹುಡುಗಿಯರು,
ಮೂವರಿಗೂ ಒಂದೇ ಥಾನಿನ ಫ್ರಾಕು,
ಭಾನುವಾರದ ಸಂತೆಯಲ್ಲಿ ಯಾವಳೋ ತಾಯಿ
ಉಳಿತಾಯ ನೋಡಿ ಹರಿಸಿದ ಹಾಗೆ.
ಹೆಸರು ಅವರ ಲಿಪಿಯಲ್ಲಿತ್ತು.
ನಮಗೆ ಅವರು ಇವತ್ತಿಗೂ 'ಆ ಮೂವರು'.

ಬೈತಖೋಲದ ಐಸ್ ಫ್ಯಾಕ್ಟರಿ.
ನಾನು ಲೆಕ್ಕ ಬರೆಯುವವಳು,
ಲುದ್ವಿನಾ ಟೋಕನ್ ಹರಿಯುವವಳು,
ಶೇವಂತಿ ಹರಿಕಂತ್ರ ಐಸಿನ ಗಡ್ಡೆಗೆ ಕೊಕ್ಕೆ ಹಾಕಿ
ಕ್ರಷರಿನ ಬಾಯಿಗೆ ನೂಕುವವಳು.
ಜೂನಿಗೆ ದೋಣಿಗಳಿಗೆ ರಜೆ. ಕಂಪ್ರೆಸರು ಮಲಗಿತು.
ಅದರ ಗುರುಗುಟ್ಟಿಲ್ಲದೆ ಕಿವಿ
ಕಡಗ ತೆಗೆದ ಕೈಯ ಹಾಗೆ ಬೋಳು.
ಆಗ ಒತ್ತಿದ್ದು ಪ್ಲೇ.

ಒನ್ ಟೂ ಥ್ರೀ ಫೋರ್.
ತಿಳಿದದ್ದು ಅಷ್ಟೇ. ಆಮೇಲೆ
ಗರಗಸಕ್ಕೆ ಸಕ್ಕರೆ ಸವರಿದಂಥ ಗಿಟಾರು,
ಹೊರಟ ಬಸ್ಸನ್ನು ಓಡಿ ಹತ್ತುವ ಡ್ರಮ್ಮು,
ಇದೆಲ್ಲದರ ಮೇಲೆ
ಶಾಲೆಯ ಪ್ರಾರ್ಥನೆಗೆ ನಿಂತಷ್ಟು ನೆಟ್ಟಗಿನ ದನಿ,
ನಡುವೆ ತಡೆಯಲಾರದೆ ಪುಸಕ್ಕೆಂದ ನಗು.
ಒಂದರಲ್ಲಿ ಮ್ಯಾಂವ್ ಅಂದರು.
ಒಂದು ತಿಂಡಿಯ ಹಾಡೇ ಇರಬೇಕು,
ಬಾಯಲ್ಲಿ ನೀರೂರಿದವರ ಹಾಗೆ ಅದೇ ಮಾತು ಮತ್ತೆ ಮತ್ತೆ.
ವಿರಹ ಇದ್ದಿರಲಾರದು.
ವಿರಹಕ್ಕೆ ಇಷ್ಟು ಅವಸರ ಇರುವುದಿಲ್ಲ.

ತಿರುವಿ ಹಾಕಿದೆವು.
ಬಿ ಸೈಡಿನಲ್ಲಿ ಹಾಡೇ ಇಲ್ಲ. ಅಮ್ಮನಿಗೆ
ನಾಲ್ಕು ಮಾತು ತುಂಬಿಸಿ ಕಳಿಸುವೆನೆಂದು
ಇನಾಸ್ ಅದರ ಮೇಲೇ ರೆಕಾರ್ಡ್ ಒತ್ತಿದ್ದಾನೆ,
ಒತ್ತಿದ ಮೇಲೆ ಏನೂ ತೋಚಿಲ್ಲ.
ಇಪ್ಪತ್ತೆರಡು ನಿಮಿಷ ಹಡಗಿನ ಎಂಜಿನ್ನು.
ಒಂದು ಒಗ್ಗರಣೆ. ಒಂದು ಸೀನು.
ಕೊನೆಗೆ, "ಆಯ್ತು ಮಾಂಯ್."

"ಈ ಕಡೆಯ ಹಾಡು ನಾವೇ ಮಾಡುವ"
ಅಂದವಳು ಶೇವಂತಿ.

ಇಗರ್ಜಿಯ ಗಿಟಾರು, ಐದೇ ತಂತಿ.
ಡ್ರಮ್ಮಿಗೆ ಮಗುಚಿದ ಮೀನಿನ ಕ್ರೇಟು, ಝಲ್ಲೆನ್ನಲು ತಕ್ಕಡಿಯ ತಟ್ಟೆ.
ನನ್ನ ಪಾಲಿಗೆ ಎರಡು ಕೀಲಿ ಬಿದ್ದುಹೋದ ಬುಲ್‌ಬುಲ್.
ಲುದ್ವಿನಾಗೆ ಬರುತ್ತಿದ್ದದ್ದು ಮೂರು ಕಾರ್ಡು.
ನಾಲ್ಕನೆಯದು ಆ ಮೂವರಿಗೂ
ಬಂದ ಹಾಗೆ ಕಾಣಲಿಲ್ಲ.

ತಾರ್ಲೆಯ ಮೇಲೊಂದು ಹಾಡು. ತೊರಕೆಯ ಬಾಲದ ಮೇಲೊಂದು.
ಅಂಕೋಲೆ ಬಸ್ಸು ನಿಲ್ಲಲೇ ಇಲ್ಲ ಎಂಬುದು ಒಂದೂವರೆ ನಿಮಿಷ,
ಬಸ್ಸು ನಿಂತಿದ್ದರೆ ಇನ್ನೂ ಉದ್ದವಾಗುತ್ತಿತ್ತು.
ಆಮೇಲೆ ಇದು:
ಬೆಳಚು ಬಾಯಿ ಬಿಡಲಿಲ್ಲ
ಬಿಡು ಬಿಡು
ಇನ್ನೊಂದು ತೆಗೆ.
ಮಾಲಕ ವೆರ್ಣೇಕರರು ಬಾಗಿಲಲ್ಲಿ ನಿಂತು ಕೇಳಿ
"ಇದಕ್ಕೆ ಎಂತ ಅರ್ಥ?" ಅಂದರು.
"ಬೆಳಚು ಬಾಯಿ ಬಿಡ್ಲಿಲ್ಲ ಅಂತ."

ವರ್ಷಕ್ಕೆ ಎರಡೇ ತಿಂಗಳ ಬ್ಯಾಂಡು.
ಆಗಸ್ಟಿನಲ್ಲಿ ದೋಣಿ ಇಳಿದರೆ
ಮತ್ತೆ ಕೊಕ್ಕೆ, ಮತ್ತೆ ಟೋಕನ್ನು, ಮತ್ತೆ ಪೆನ್ನು.
ಶೇವಂತಿ ಮಗಳ ಬಾಣಂತನಕ್ಕೆಂದು ಮಾಲವಣಕ್ಕೆ ಹೋದವಳು
ಅಲ್ಲೇ ಉಳಿದಳು. ಕ್ರೇಟಿನ ಹಿಂದೆ ಸೊಸೆ ರೇಷ್ಮಾ ಕೂತಳು,
ಅತ್ತೆಗಿಂತ ಜೋರು,
ಅತ್ತೆ ತಪ್ಪುತ್ತಿದ್ದಲ್ಲೇ ತಪ್ಪುತ್ತಾಳೆ.

ಕಳೆದ ಜೂನು. ಲುದ್ವಿನಾಳ ಮೊಮ್ಮಗ ಎಲ್ಡನ್
ಹಳೆಯ ಕವರಿನ ಫೋಟೊ ಹೊಡೆದು ಫೋನಿನಲ್ಲಿ ಹುಡುಕಿದ.
ಇದ್ದಾರೆ! ಇನ್ನೂ ಬಾರಿಸುತ್ತಿದ್ದಾರೆ!
ಒಬ್ಬಳು ಹೋಗಿ ಇನ್ನೊಬ್ಬಳು ಬಂದಿದ್ದಾಳೆ ಅಲ್ಲೂ,
ನಡುವೆ ನಿಂತವಳಿಗೆ ನಮ್ಮದೇ ವಯಸ್ಸು,
ಮೂವರಿಗೂ ಒಂದೇ ಥಾನು.
"ಬಿ ಸೈಡೂ ಉಂಟು, ಹಾಕ್ಲಾ?"

ಮೂವತ್ತೊಂದು ವರ್ಷ.
ನನಗೆ ಯಾಕೋ ಬೇಡವಿತ್ತು.
ಇನಾಸ್ ಹೋಗಿ ಎಂಟು ವರ್ಷ, ಆ ಸೀನು ಇನ್ನೂ ಟೇಪಿನಲ್ಲಿದೆ.
ರೇಷ್ಮಾ ಒತ್ತಿಯೇ ಬಿಟ್ಟಳು.

ಒನ್ ಟೂ ಥ್ರೀ ಫೋರ್.

ಕಿವಿರು ಎತ್ತಿ ಮೀನು ಪರೀಕ್ಷಿಸುವವಳ ಹಾಗೆ
ಲುದ್ವಿನಾ ತಲೆ ವಾಲಿಸಿ
ಒಂದಿಡೀ ಹಾಡು ಕೇಳಿದಳು.
"ಅಡ್ಡಿಲ್ಲ" ಅಂದಳು.
"ನಮ್ಮ ಹಾಡನ್ನ
ಸ್ವಲ್ಪ ನಿಧಾನ ಬಾರಿಸ್ತಾರೆ, ಅಷ್ಟೇ."